ಚಪ್ಪಾಳೆಯೇ ವಾದ್ಯವಾದ ಬೀದಿಯಾಟದ ಹಾಡುಗಳು

ಆಫ್ರಿಕನ್ ಅಮೆರಿಕನ್ ಮಕ್ಕಳು, ಅದರಲ್ಲೂ ಹೆಣ್ಣುಮಕ್ಕಳು, ಬೀದಿಯಲ್ಲಿ ಹಾಗೂ ಶಾಲೆಯ ಅಂಗಳದಲ್ಲಿ ಹಾಡುತ್ತ ಆಡುವ ಆಟಗಳಿಗೆ ದೀರ್ಘ ಇತಿಹಾಸವಿದೆ. ಎದುರುಬದುರು ನಿಂತು ಚಪ್ಪಾಳೆ ತಟ್ಟುವುದು, ಗೆಳತಿಯರ ವೃತ್ತದ ನಡುವೆ ಒಬ್ಬಳು ಕುಣಿಯುವುದು, ಎರಡು ಹಗ್ಗಗಳನ್ನು ಬೀಸುತ್ತಿರುವಾಗ ನಡುವೆ ಜಿಗಿಯುವ 'ಡಬಲ್ ಡಚ್' ಇವುಗಳಲ್ಲಿ ಪ್ರಮುಖವಾದವು. ಒಬ್ಬಳ ಸೊಲ್ಲಿಗೆ ಉಳಿದವರು ಮರುಸೊಲ್ಲು ಕೊಡುವ ಕ್ರಮಕ್ಕೆ ಆಫ್ರಿಕಾದ ಬೇರುಗಳಿವೆ. ಬ್ರಿಟಿಷ್ ಶಿಶುಪ್ರಾಸಗಳೂ ಇವುಗಳಲ್ಲಿ ಬೆರೆತಿವೆ.

ಈ ಆಟಗಳಿಗೆ ವಾದ್ಯ ಬೇಕಿಲ್ಲ. ಹಾಗೆಂದು ಅದನ್ನು ಕೇವಲ ಬಡತನದ ಲಕ್ಷಣವೆಂದು ತಿಳಿಯಲಾಗದು. 1739ರ ಸ್ಟೋನೋ ದಂಗೆಯಿಂದ ಬೆದರಿದ ದಕ್ಷಿಣ ಕೆರೊಲಿನಾದ ಆಡಳಿತವು 1740ರ ಕಾಯ್ದೆಯ ಮೂಲಕ ಗುಲಾಮರು ಡೋಲು ಬಳಸುವುದನ್ನು ನಿರ್ಬಂಧಿಸಿತು. ತೊಡೆ, ಎದೆ, ಅಂಗೈಗಳನ್ನು ತಟ್ಟಿ ಲಯ ಹುಟ್ಟಿಸುವ 'ಜೂಬಾ' ಬೆಳೆದದ್ದು ಗುಲಾಮಗಿರಿಯ ಕಾಲದಲ್ಲಿಯೇ. ಮಕ್ಕಳ 'ಹ್ಯಾಂಬೋನ್' ಆಟ ಅದರದೇ ಕುಡಿ.

ಜಾರ್ಜಿಯಾದ ಸೇಂಟ್ ಸೈಮನ್ಸ್ ದ್ವೀಪದಲ್ಲಿ ನೆಲೆಸಿದ್ದ ಗಾಯಕಿ ಬೆಸ್ಸಿ ಜೋನ್ಸ್ (1902-1984) ಅವರ ನೆನಪಿನಲ್ಲಿದ್ದ ಇಂಥ ಆಟಗಳು, ಜಾನಪದ ತಜ್ಞೆ ಬೆಸ್ ಲೊಮ್ಯಾಕ್ಸ್ ಹಾಸ್ ಅವರ ಸಹಯೋಗದಿಂದ 1972ರಲ್ಲಿ 'ಸ್ಟೆಪ್ ಇಟ್ ಡೌನ್' ಎಂಬ ಗ್ರಂಥವಾಗಿ ಬಂದವು. ಬರೀ ಸಾಹಿತ್ಯವನ್ನಲ್ಲದೆ, ಆಡುವ ಬಗೆಯನ್ನೂ ವಿವರಿಸಿರುವುದು ಈ ಗ್ರಂಥದ ಹೆಚ್ಚುಗಾರಿಕೆ.

ಬೀದಿಯ ಹಾಡುಗಳಿಗೆ ಕರ್ತೃವಿನ ಹೆಸರಿಲ್ಲ. ಹೀಗಾಗಿ ಎರವಲು ಪಡೆದವರಿಗೆ ಅಡ್ಡಿಯೂ ಇಲ್ಲ. ರ‍್ಯಾಪ್ ಗಾಯಕ ನೆಲ್ಲಿ 2000ದಲ್ಲಿ ಹೊರತಂದ 'ಕಂಟ್ರಿ ಗ್ರಾಮರ್' ಗೀತೆಯ ಪಲ್ಲವಿ ಚಪ್ಪಾಳೆ ಆಟದ ಹಾಡೊಂದನ್ನು ಆಧರಿಸಿದ್ದು. ಹಣ, ಕೀರ್ತಿ ಗಾಯಕನಿಗೆ ದಕ್ಕಿದವು. ಹುಡುಗಿಯರ ಈ ಆಟಗಳೇ ಕಪ್ಪು ಸಮುದಾಯದ ಸಂಗೀತ ಶಿಕ್ಷಣದ ಮೊದಲ ಮೆಟ್ಟಿಲು ಎಂದು ಸಂಗೀತಶಾಸ್ತ್ರಜ್ಞೆ ಕೈರಾ ಗಾಂಟ್ 2006ರ ತಮ್ಮ ಕೃತಿಯಲ್ಲಿ ವಾದಿಸಿದ್ದಾರೆ.