ಹಬ್ಬದ ಪಡಸಾಲೆಯಲ್ಲಿ ಒಗಟಿನ ಗೋಷ್ಠಿ

ಪ್ರಶ್ನೆ ಕೇಳುವುದು, ಉತ್ತರಕ್ಕಾಗಿ ತವಕಿಸುವುದು, ಉತ್ತರ ಹೊಳೆದಾಗ ಹಿಗ್ಗುವುದು, ಹೊಳೆಯದಿದ್ದಾಗ ನಾಚುವುದು ಮನುಷ್ಯಸ್ವಭಾವದಲ್ಲಿ ಬೇರೂರಿದ ಗುಣಗಳು. ಇಂದು ಶಾಲೆಗಳಲ್ಲಿಯೂ ಸಂಘಗಳಲ್ಲಿಯೂ ‘ರಸಪ್ರಶ್ನೆ’ ಎಂಬ ಹೆಸರಿನಿಂದ ನಡೆಯುವ ಸ್ಪರ್ಧೆಯನ್ನು ಕಂಡು, ಇದು ಹೊರಗಿನಿಂದ ಬಂದ ಹೊಸ ವಿನೋದವೆಂದು ಹಲವರು ಭಾವಿಸಿರುವರು. ಹೆಸರು ಹೊಸದಿರಬಹುದು, ವಸ್ತು ಹೊಸದಲ್ಲ. ಹಬ್ಬದ ದಿನ ನೆಂಟರಿಷ್ಟರನ್ನು ಪಡಸಾಲೆಯಲ್ಲಿ ಕೂಡಿಸಿ, ಎರಡು ಪಕ್ಷಗಳನ್ನು ಮಾಡಿ, ಒಬ್ಬರನ್ನೊಬ್ಬರು ಪ್ರಶ್ನೆಗಳಿಂದ ಕೆಣಕುವ ಆಟವು ಕನ್ನಡಿಗರ ಮನೆಗಳಲ್ಲಿ ಬಹುಕಾಲದಿಂದ ನಡೆದುಬಂದಿದೆ. ಆ ಆಟದ ಚರಿತ್ರೆಯನ್ನು ಸಂಕ್ಷೇಪವಾಗಿ ನಿರೂಪಿಸಿ, ಗುಂಡುಮಾಲ್, ನಾರಾಯಣಪೇಟೆ, ಮಕ್ತಲ್, ಗದ್ವಾಲ ಮೊದಲಾದ ಗಡಿಯ ಊರುಗಳ ಕನ್ನಡಿಗರಾದ ನಮಗೆ ಅದು ಬರಿಯ ವಿನೋದಕ್ಕಿಂತ ಹೆಚ್ಚಿನದು ಏಕೆ ಎಂಬುದನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಮೊದಲು ಹೆಸರುಗಳನ್ನು ನೋಡೋಣ. ಕನ್ನಡದಲ್ಲಿ ಇದಕ್ಕೆ ಒಗಟು, ಒಡಪು, ಒಡಗತೆ, ಮುಂಡಿಗೆ ಎಂದು ಮುಂತಾಗಿ ನಾನಾ ಹೆಸರುಗಳುಂಟು. ಒಗಟನ್ನು ನಾವು ‘ಒಡೆಯುತ್ತೇವೆ’ ಅಥವಾ ‘ಬಿಡಿಸುತ್ತೇವೆ’. ತೆಲುಗರು ಇದನ್ನು ಪೊಡುಪುಕಥೆಯೆಂದು ಕರೆದು ‘ವಿಪ್ಪು’ ಎನ್ನುವರು, ವಿಪ್ಪುವುದೆಂದರೆ ಬಿಚ್ಚುವುದು. ಮರಾಠಿಗರಲ್ಲಿ ಇದು ಉಖಾಣಾ. ನಾರಾಯಣಪೇಟೆಯ ಒಂದೇ ಓಣಿಯಲ್ಲಿ ಈ ಮೂರು ಮಾತುಗಳನ್ನೂ ಕೇಳಬಹುದು. ಭಾಷೆ ಮೂರಾದರೂ ಭಾವನೆ ಒಂದೇ: ಮಾತೊಂದು ಗಂಟಾಗಿ ಎದುರಿಗಿದೆ, ಅದನ್ನು ಬಿಚ್ಚುವವನು ಬುದ್ಧಿವಂತ.

ಗ್ರಂಥಸ್ಥವಾದ ಚರಿತ್ರೆಯಲ್ಲಿ ಈ ಆಟದ ಮಹತ್ತರವಾದ ಉದಾಹರಣೆಯೆಂದರೆ ಮಹಾಭಾರತದ ಅರಣ್ಯಪರ್ವದ ಯಕ್ಷಪ್ರಶ್ನೆ. ನೀರು ಕುಡಿಯಲು ಹೋದ ನಾಲ್ವರು ತಮ್ಮಂದಿರು ಪ್ರಶ್ನೆಯನ್ನು ಕಡೆಗಣಿಸಿ ನೆಲಕ್ಕೊರಗಿದರು. ಧರ್ಮರಾಯನು ನಿಂತು ಉತ್ತರವಿತ್ತು ಅವರನ್ನು ಬದುಕಿಸಿಕೊಂಡನು. ಪ್ರಶ್ನೆಯನ್ನು ಗೌರವಿಸಿದವನಿಗೆ ಮಾತ್ರ ನೀರುಂಟು ಎಂಬುದು ಆ ಕಥೆಯ ಸ್ವಾರಸ್ಯ. ವಾತ್ಸ್ಯಾಯನನು ಎಣಿಸಿದ ೬೪ ಕಲೆಗಳಲ್ಲಿ ಪ್ರಹೇಳಿಕೆಯೂ ಪ್ರತಿಮಾಲೆಯೂ ಸೇರಿವೆ. ಪ್ರಹೇಳಿಕೆಯೆಂದರೆ ಒಗಟು, ಪ್ರತಿಮಾಲೆಯೆಂದರೆ ಇಂದು ಮಕ್ಕಳಾಡುವ ಅಂತ್ಯಾಕ್ಷರಿಯಂತಹುದು. ಆಲಂಕಾರಿಕನಾದ ದಂಡಿಯು ತನ್ನ ‘ಕಾವ್ಯಾದರ್ಶ’ದ ಮೂರನೆಯ ಪರಿಚ್ಛೇದದಲ್ಲಿ ೧೬ ಬಗೆಯ ಪ್ರಹೇಳಿಕೆಗಳನ್ನು ವಿವರಿಸಿ, ಅವುಗಳ ಪ್ರಯೋಜನವನ್ನೂ ತಿಳಿಸಿದ್ದಾನೆ: ವಿನೋದಗೋಷ್ಠಿಗಳಲ್ಲಿ ಆಡಲು, ಜನರ ನಡುವೆ ತಿಳಿದವರು ತಮ್ಮತಮ್ಮಲ್ಲಿ ಗುಟ್ಟಾಗಿ ಮಾತಾಡಲು, ಎದುರಾಳಿಯನ್ನು ತಬ್ಬಿಬ್ಬುಗೊಳಿಸಲು. ನಮ್ಮ ಮನೆಗಳಲ್ಲಿ ಹಬ್ಬದ ಸಂಜೆ ನಡೆಯುವುದೂ ಈ ಮೂರೇ ಅಲ್ಲವೆ?

ದಂಡಿಯ ಮಾರ್ಗವನ್ನು ಬಹುಮಟ್ಟಿಗೆ ಅನುಸರಿಸಿ ಹುಟ್ಟಿದ ಕನ್ನಡ ಲಕ್ಷಣಗ್ರಂಥವೇ ‘ಕವಿರಾಜಮಾರ್ಗ’. ಕ್ರಿ.ಶ. ೮೫೦ರ ಸುಮಾರಿಗೆ ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಅದು ರೂಪುಗೊಂಡಿತು. ಆತನ ರಾಜಧಾನಿಯಾದ ಮಾನ್ಯಖೇಟ, ಇಂದಿನ ಮಳಖೇಡ, ಕಾಗಿಣಾ ನದಿಯ ದಡದಲ್ಲಿ ಸೇಡಂ ತಾಲೂಕಿನಲ್ಲಿದೆ. ನಮ್ಮ ಗಡಿಯಿಂದ ಬಹು ದೂರವಿಲ್ಲ. ಕಾವೇರಿಯಿಂದ ಗೋದಾವರಿಯವರೆಗೆ ಹಬ್ಬಿದ ನಾಡು ಕನ್ನಡನಾಡೆಂದು ಆ ಗ್ರಂಥವು ಹೇಳುತ್ತದೆ. ಆ ಎರಡು ನದಿಗಳ ನಡುವೆ ಹರಿಯುವುದು ಕೃಷ್ಣೆ. ಆದಕಾರಣ ನಮ್ಮ ಊರುಗಳು ಆ ನಾಡಿನ ಅಂಚಿನಲ್ಲಿರಲಿಲ್ಲ, ಒಳಗಿದ್ದುವು. ಅದೇ ಗ್ರಂಥದ ಮತ್ತೊಂದು ಮಾತು ನಮಗೆ ಇನ್ನೂ ಮುಖ್ಯವಾದುದು. ಈ ನಾಡಿನ ಜನರು ಪ್ರಯತ್ನಪೂರ್ವಕವಾಗಿ ಓದದಿದ್ದರೂ ಕಾವ್ಯಪ್ರಯೋಗದಲ್ಲಿ ನಿಪುಣಮತಿಗಳೆಂದು ಅದು ಹೊಗಳುತ್ತದೆ. ಓದದವನು ಕಾವ್ಯಪ್ರಯೋಗದಲ್ಲಿ ನಿಪುಣನಾಗುವುದು ಹೇಗೆ? ಒಗಟು ಕಟ್ಟುವ ಒಕ್ಕಲಿಗನನ್ನು, ಒಡಪು ಹೇಳುವ ಗೃಹಿಣಿಯನ್ನು ಕಂಡವರಿಗೆ ಈ ಹೊಗಳಿಕೆ ಉತ್ಪ್ರೇಕ್ಷೆಯೆಂದು ತೋರದು.

ರಾಷ್ಟ್ರಕೂಟರ ಅನಂತರ ಕಲ್ಯಾಣದ ಚಾಲುಕ್ಯರು ಆಳಿದರು. ಆ ವಂಶದ ಮೂರನೆಯ ಸೋಮೇಶ್ವರನು (ಆಳ್ವಿಕೆ ೧೧೨೬-೧೧೩೮) ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ವಿಶ್ವಕೋಶವನ್ನು ರಚಿಸಿದನು. ಅದರಲ್ಲಿ ತಲಾ ೨೦ ಅಧ್ಯಾಯಗಳ ಐದು ಭಾಗಗಳಿವೆ. ಕಡೆಯ ಭಾಗ ಕ್ರೀಡೆಗಳಿಗೆ ಮೀಸಲು. ಅಲ್ಲಿ ಚದುರಂಗ, ಪಗಡೆ, ಕವಡೆಯಾಟಗಳ ಸಾಲಿನಲ್ಲಿಯೇ ಪ್ರಹೇಳಿಕಾಕ್ರೀಡೆಯೂ ಸೇರಿದೆ. ದೊರೆಯೊಬ್ಬನು ರಾಜ್ಯಭಾರ, ಸೈನ್ಯ, ಔಷಧ, ಅಡುಗೆಗಳನ್ನು ಕುರಿತು ಬರೆಯುತ್ತ ಒಗಟಿಗೂ ಸ್ಥಳವಿತ್ತನೆಂಬುದು ಗಮನಾರ್ಹ. ಅದೇ ಕಲ್ಯಾಣದಲ್ಲಿ, ಅದೇ ಶತಮಾನದಲ್ಲಿ ಶರಣರು ಒಗಟಿನ ಮಾತನ್ನು ಅಧ್ಯಾತ್ಮಕ್ಕೆ ತಿರುಗಿಸಿದರು. ಅಲ್ಲಮಪ್ರಭುವಿನ ಬೆಡಗಿನ ವಚನಗಳು ಕೇಳಿದೊಡನೆ ಅರ್ಥವಾಗುವುವಲ್ಲ. ಕೇಳಿದವನು ತಾನೇ ಒಡೆದುಕೊಳ್ಳಬೇಕು. ಮುಂದೆ ಹರಿದಾಸರಲ್ಲಿ ಕನಕದಾಸರ ಮುಂಡಿಗೆಗಳು ಇದೇ ಜಾತಿಯವು. ಹೀಗೆ ಒಂದೇ ಬೀಜವು ಅರಮನೆಯಲ್ಲಿ ಕ್ರೀಡೆಯಾಗಿ, ಅನುಭವಮಂಟಪದಲ್ಲಿ ಬೆಡಗಾಗಿ, ಭಜನೆಯಲ್ಲಿ ಮುಂಡಿಗೆಯಾಗಿ ಬೆಳೆಯಿತು.

ನಮ್ಮ ನೆರೆಯ ಗದ್ವಾಲವನ್ನು ಈ ಸಂದರ್ಭದಲ್ಲಿ ಮರೆಯಲಾಗದು. ನಿಜಾಮರ ಕಾಲದಲ್ಲಿ ಗದ್ವಾಲವು ಸಂಸ್ಥಾನವಾಗಿತ್ತು. ಅಲ್ಲಿಯ ದೊರೆಗಳು ಪಂಡಿತರನ್ನೂ ಕವಿಗಳನ್ನೂ ಕರೆಸಿ ಸತ್ಕರಿಸುತ್ತಿದ್ದುದರಿಂದ ಆ ಊರಿಗೆ ‘ವಿದ್ವದ್ಗದ್ವಾಲ’ ಎಂಬ ಕೀರ್ತಿ ಬಂದಿತು. ತೆಲುಗಿನಲ್ಲಿ ಅವಧಾನಕಲೆಗೆ ಮನೆಮಾತಿನ ಪ್ರಸಿದ್ಧಿ ತಂದ ತಿರುಪತಿ ವೆಂಕಟ ಕವಿಗಳು, ಎಂದರೆ ದಿವಾಕರ್ಲ ತಿರುಪತಿಶಾಸ್ತ್ರಿಗಳು ಮತ್ತು ಚೆಳ್ಳಪಿಳ್ಳ ವೆಂಕಟಶಾಸ್ತ್ರಿಗಳು, ಈ ಭಾಗದ ಸಂಸ್ಥಾನಗಳಲ್ಲಿ ಸಂಚರಿಸಿ ಸನ್ಮಾನ ಪಡೆದವರು. ಅವಧಾನವೆಂದರೆ ಪ್ರಶ್ನೆಗಳ ಮಹಾಗೋಷ್ಠಿ. ಪೃಚ್ಛಕರು ಸುತ್ತಲೂ ಕುಳಿತು, ಒಬ್ಬರು ಸಮಸ್ಯೆಯನ್ನು, ಒಬ್ಬರು ದತ್ತಪದಿಯನ್ನು, ಒಬ್ಬರು ನಿಷೇಧಾಕ್ಷರಿಯನ್ನು ಒಡ್ಡುವರು. ಇನ್ನೊಬ್ಬರು ಅಪ್ರಸ್ತುತಪ್ರಸಂಗದಿಂದ ಅವಧಾನಿಯ ಮನಸ್ಸನ್ನು ಕದಡುವರು. ಆತನು ಎಲ್ಲವನ್ನೂ ಧಾರಣೆಯಲ್ಲಿರಿಸಿಕೊಂಡು ಉತ್ತರಿಸಬೇಕು. ನಮ್ಮ ಮನೆಯ ಆಟದಲ್ಲಿಯೂ ಅಪ್ರಸ್ತುತಪ್ರಸಂಗಿಗಳಿಗೆ ಕೊರತೆಯಿಲ್ಲ. ಸೋದರಮಾವಂದಿರೆಲ್ಲ ಆ ಹುದ್ದೆಗೆ ಹುಟ್ಟಿನಿಂದಲೇ ಅರ್ಹರು!

ಇನ್ನು ಮನೆಯೊಳಗಿನ ಚರಿತ್ರೆ. ಇದಕ್ಕೆ ಶಾಸನವಿಲ್ಲ, ತಾಳೆಯೋಲೆಯಿಲ್ಲ. ಹೆಂಗಸರ ನಾಲಗೆಯೇ ಇದರ ಭಂಡಾರ. ಗಂಡನ ಹೆಸರನ್ನು ಹೆಂಡತಿಯು ಬಾಯಿಬಿಟ್ಟು ಹೇಳಬಾರದೆಂಬ ಸಂಪ್ರದಾಯವಿದ್ದ ಕಾಲದಲ್ಲಿ, ಮದುವೆಯ ಮನೆಯಲ್ಲಿಯೂ ಹಬ್ಬದ ಆರತಿಯಲ್ಲಿಯೂ ಅದನ್ನು ಹೇಳಿಸಿಯೇ ತೀರಬೇಕೆಂಬ ಹಟವೂ ಇದ್ದಿತು. ಮದುಮಗಳು ಪ್ರಾಸಬದ್ಧವಾದ ಎರಡು ಮೂರು ಸಾಲುಗಳನ್ನು ಕಟ್ಟಿ, ಅದರೊಳಗೆ ಆ ಹೆಸರನ್ನು ಅಡಗಿಸಿ ನುಡಿಯುತ್ತಿದ್ದಳು. ಅದೇ ಒಡಪು. ನಮ್ಮ ಮರಾಠಿ ನೆರೆಯವರಲ್ಲಿ ಇದಕ್ಕೂ ಉಖಾಣಾ ಎಂದೇ ಹೆಸರು. ನಾಚಿಕೊಂಡು ನಿಂತ ಹದಿಹರೆಯದ ಸೊಸೆಗೆ ಹೊಸ ಮನೆಯವರ ಮುಂದೆ ಧೈರ್ಯವಾಗಿ ಮಾತಾಡಲು ಕಲಿಸಿದ ಮೊದಲ ವೇದಿಕೆ ಅದಾಗಿತ್ತೆಂದರೆ ತಪ್ಪಾಗದು.

ಹಬ್ಬಗಳಲ್ಲಿ ದಸರೆ ಇದಕ್ಕೆ ವಿಶೇಷವಾಗಿ ಒದಗುತ್ತದೆ. ರಜೆಯ ನಿಮಿತ್ತ ಸೇಡಂ, ಯಾದಗಿರಿ, ರಾಯಚೂರುಗಳಿಂದ ನೆಂಟರು ಬಂದಿರುತ್ತಾರೆ. ಓಣಿಯಲ್ಲಿ ತೆಲುಗು ಹೆಣ್ಣುಮಕ್ಕಳು ಬತುಕಮ್ಮನ ಸುತ್ತ ಹಾಡುತ್ತಿರುತ್ತಾರೆ; ವಿಜಯದಶಮಿಯ ಸಂಜೆ ಕಿರಿಯರು ಹಿರಿಯರಿಗೆ ಬನ್ನಿಯೆಲೆಯನ್ನು ಬಂಗಾರವೆಂದು ಕೊಟ್ಟು ಕಾಲಿಗೆರಗುತ್ತಾರೆ. ಎಲ್ಲರ ಊಟವಾದ ಮೇಲೆ ಯಾರಾದರೊಬ್ಬ ಮುತ್ಯಾ ಗಂಟಲು ಸರಿಪಡಿಸಿಕೊಂಡು ಮೊದಲ ಒಗಟನ್ನು ಎಸೆದರೆ ಸಾಕು, ಇರುಳು ಸರಿದುದೇ ತಿಳಿಯದು.

ಕನ್ನಡನಾಡಿನ ಕೆಲವು ಕಡೆ ಈ ಆಟಕ್ಕೊಂದು ನಿಯಮವುಂಟು. ಒಗಟು ಒಡೆಯಲಾರದೆ ಸೋತವರು ಒಂದು ಊರನ್ನು ಕೊಡಬೇಕು. ಸೋತ ಹುಡುಗನು ಯಾವುದೋ ಊರಿನ ಹೆಸರು ಹೇಳುತ್ತಾನೆ. ಗೆದ್ದವರು ಆ ಊರಿನ ಒಡೆಯರಾದಂತೆ ಜಂಬ ಕೊಚ್ಚಿ, ಅನಂತರ ಉತ್ತರವನ್ನು ಬಿಡಿಸಿ ಹೇಳುತ್ತಾರೆ. ಬೆಳಗಾದರೆ ಎಲ್ಲ ಊರುಗಳೂ ಮೊದಲಿದ್ದಲ್ಲಿಯೇ ಇರುತ್ತವೆ. ಆಟದ ಊರುಗಳ ಸುಖವದು. ಚರಿತ್ರೆಯಲ್ಲಿ ಹಾಗಾಗಲಿಲ್ಲ. ೧೯೫೬ರ ನವೆಂಬರ್ ೧ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಹೈದರಾಬಾದು ರಾಜ್ಯದ ರಾಯಚೂರು ಜಿಲ್ಲೆಯು ಗದ್ವಾಲ, ಆಲಂಪುರ ತಾಲೂಕುಗಳನ್ನು ಬಿಟ್ಟು ಮೈಸೂರು ರಾಜ್ಯವನ್ನು ಸೇರಿತು. ಗುಲ್ಬರ್ಗಾ ಜಿಲ್ಲೆಯು ಕೊಡಂಗಲ್, ತಾಂಡೂರು ತಾಲೂಕುಗಳನ್ನು ಬಿಟ್ಟು ಸೇರಿತು. ಬಿಟ್ಟ ತಾಲೂಕುಗಳು ಆಂಧ್ರಪ್ರದೇಶಕ್ಕೆ ಸಂದವು. ೨೦೧೪ರ ಜೂನ್ ೨ರಂದು ತೆಲಂಗಾಣವಾಯಿತು. ೨೦೧೯ರ ಫೆಬ್ರವರಿ ೧೭ರಂದು ನಾರಾಯಣಪೇಟೆ ಜಿಲ್ಲೆಯಾಯಿತು. ಹೆಚ್ಚು ಜನರಾಡುವ ಭಾಷೆಯನ್ನು ನೋಡಿ ಗೆರೆಯೆಳೆದ ಆ ಕಾರ್ಯವನ್ನು ನಾವಿಲ್ಲಿ ದೂರುವುದಿಲ್ಲ. ತೆಲುಗು ನಮ್ಮ ನೆರೆಯವರ ನುಡಿ, ನಮ್ಮ ಅನ್ನದ ನುಡಿ. ಆದರೆ ಗೆರೆಯ ಈಚೆ ಉಳಿದ ಮನೆಗಳಲ್ಲಿ ಕನ್ನಡವು ಕಚೇರಿಯನ್ನು ಕಳೆದುಕೊಂಡಿತು, ಬಹುಪಾಲು ಮಕ್ಕಳಿಗೆ ಶಾಲೆಯನ್ನೂ ಕಳೆದುಕೊಂಡಿತು. ಅದಕ್ಕೆ ಉಳಿದುದು ಅಡುಗೆಮನೆ ಮತ್ತು ಪಡಸಾಲೆ.

ಇದರ ಪರಿಣಾಮವನ್ನು ನಾವು ಕಣ್ಣಾರೆ ಕಂಡಿದ್ದೇವೆ. ಕೆಲವು ವರ್ಷಗಳ ಹಿಂದೆ ಗುಂಡುಮಾಲ್‌ನ ಪರಿಚಿತರೊಬ್ಬರ ಮನೆಗೆ ಹಬ್ಬಕ್ಕೆಂದು ಹೋಗಿದ್ದಾಗ, ಅಲ್ಲಿಯ ಒಂಬತ್ತು ವರ್ಷದ ಬಾಲಿಕೆಗೆ ಕನ್ನಡದ ಪುಸ್ತಕವೊಂದನ್ನು ಕೊಟ್ಟೆವು. ಅವಳು ಚಿತ್ರಗಳನ್ನು ನೋಡಿ ವಿನಯದಿಂದ ಹಿಂದಿರುಗಿಸಿದಳು. ಕನ್ನಡದ ಒಂದು ಅಕ್ಷರವೂ ಅವಳಿಗೆ ಬಾರದು. ಆದರೆ ರಾತ್ರಿ ಆಟ ನಡೆದಾಗ ಅದೇ ಬಾಲಿಕೆ ತನ್ನ ಆಯಿಯ ಮಗ್ಗುಲಲ್ಲಿ ಕುಳಿತು ನಾಲ್ಕಾರು ಒಗಟುಗಳನ್ನು ಪಟಪಟನೆ ಒಡೆದಳು. ಕೂರಿಗೆ, ಒರಳು, ನೆಲುವು ಎಂಬ ಮಾತುಗಳನ್ನು ತಪ್ಪಿಲ್ಲದೆ ನುಡಿದಳು. “ನೆಲುವು ಅಂದ್ರೇನು ಗೊತ್ತೇನವ್ವ?” ಎಂದು ಕೇಳಿದೆವು. “ನಮ್ಮನ್ಯಾಗ ಇಲ್ಲರಿ ಸರ, ಒಗಟಿನ್ಯಾಗ ಐತಿ” ಎಂದಳು. ಅಟ್ಟದಿಂದ ಇಳಿದುಹೋದ ಆ ನೆಲುವು ಒಗಟಿನಲ್ಲಿ ಇನ್ನೂ ತೂಗುತ್ತಿತ್ತು! ಅಕ್ಷರವು ಕೈತಪ್ಪಿದ ಮನೆಯಲ್ಲಿಯೂ ನುಡಿಯನ್ನು ಹಿಡಿದಿಡುವ ಶಕ್ತಿ ಈ ಆಟಕ್ಕಿದೆ ಎಂಬುದು ನಮ್ಮ ಅನುಭವ.

ರಸಪ್ರಶ್ನೆಯನ್ನು ನಾವು ಹಗುರವಾಗಿ ಕಾಣುವವರಲ್ಲ. ಬೆಂಗಳೂರು ದೂರದರ್ಶನದ ಚಂದನವಾಹಿನಿಯಲ್ಲಿ ೨೦೦೨ರಲ್ಲಿ ಆರಂಭವಾಗಿ, ಡಾ. ನಾ. ಸೋಮೇಶ್ವರ ಅವರು ನಡೆಸಿಕೊಟ್ಟ ‘ಥಟ್ ಅಂತ ಹೇಳಿ’ ಕಾರ್ಯಕ್ರಮವು ಸರಿಯುತ್ತರಕ್ಕೆ ಹಣವನ್ನಲ್ಲ, ಕನ್ನಡದ ಪುಸ್ತಕಗಳನ್ನು ಬಹುಮಾನವಾಗಿ ಕೊಟ್ಟಿತು, ಇದೊಂದು ಮೇಲ್ಪಂಕ್ತಿ. ಆದರೂ ರಸಪ್ರಶ್ನೆಗೂ ಒಗಟಿಗೂ ಒಂದು ಭೇದವುಂಟು. ರಸಪ್ರಶ್ನೆಯಲ್ಲಿ ಓದಿದವನು ಗೆಲ್ಲುತ್ತಾನೆ. ಒಗಟಿನಲ್ಲಿ ಕಣ್ಣಿಟ್ಟು ನೋಡಿದವನು ಗೆಲ್ಲುತ್ತಾನೆ. ಮೊದಲನೆಯದರಲ್ಲಿ ಮೊಮ್ಮಗ ಗೆದ್ದರೆ ಎರಡನೆಯದರಲ್ಲಿ ಅಜ್ಜಿ ಗೆಲ್ಲುವಳು. ಗಡಿನಾಡಿನ ಮನೆಗೆ ಇಬ್ಬರ ಗೆಲವೂ ಬೇಕು. ಆದುದರಿಂದ ಎರಡನ್ನೂ ಬೆರಸಿ ಆಡುವುದೇ ಯುಕ್ತವೆಂದು ನಮಗೆ ತೋರುತ್ತದೆ.

ಅದರ ಕ್ರಮವನ್ನು ಕುರಿತು ಎರಡು ಮಾತು. ಪಕ್ಷಗಳನ್ನು ಮಾಡುವಾಗ ಮಕ್ಕಳೊಂದು ಕಡೆ, ದೊಡ್ಡವರೊಂದು ಕಡೆ ಆಗದಂತೆ ನೋಡಿಕೊಳ್ಳಬೇಕು. ಪ್ರತಿ ಪಕ್ಷದಲ್ಲಿಯೂ ಒಬ್ಬ ಹಿರಿಯರಿರಲಿ, ಒಂದು ಚಿಕ್ಕ ಮಗುವಿರಲಿ. ಮೊದಲ ಸುತ್ತು ಒಗಟಿನದು, ಎರಡನೆಯದು ಗಾದೆಯನ್ನು ಪೂರ್ತಿಮಾಡುವುದು, ಮೂರನೆಯದು ಊರು, ಹೊಳೆ, ಜಾತ್ರೆಗಳನ್ನು ಕುರಿತ ಪ್ರಶ್ನೆ, ನಾಲ್ಕನೆಯದು ಕವಿಕಾವ್ಯಗಳದು. ಉತ್ತರವು ತೆಲುಗಿನಲ್ಲಿ ಹೊಳೆದರೆ ಅದನ್ನೂ ಒಪ್ಪಿ, ಕನ್ನಡದ ಮಾತನ್ನು ಹೇಳಿದವರಿಗೆ ಇನ್ನೊಂದು ಅಂಕವನ್ನು ಕೊಡಬೇಕು. ನೆರೆಮನೆಯ ತೆಲುಗು, ಮರಾಠಿ ಸ್ನೇಹಿತರನ್ನೂ ಕರೆಯಬೇಕು; ಮೂರು ಭಾಷೆಯ ಒಗಟುಗಳು ಕೂಡಿದರೆ ಆಟದ ರುಚಿ ಹೆಚ್ಚುವುದಲ್ಲದೆ ಕುಂದದು. ಸೋತವರನ್ನು ಹಂಗಿಸದೆ ಒಂದು ಹಾಡು ಹಾಡಿಸಿದರೆ ಸಾಕು.

ಹಳೆಯ ಒಗಟುಗಳ ಜೊತೆಗೆ ಹೊಸವನ್ನೂ ಕಟ್ಟಬೇಕು. ನಾವು ಮಕ್ಕಳಿಗಾಗಿ ಕಟ್ಟಿದ ಎರಡನ್ನು ಇಲ್ಲಿ ಕೊಡುತ್ತೇವೆ. ‘ಹಗಲೆಲ್ಲ ಓಡಿದರೂ ಮನೆ ಬಿಟ್ಟು ಹೊರಬಾರದು, ಅದು ಓಡಿದ ದಾರಿಯನ್ನೇ ಊರವರು ಉಟ್ಟು ಮೆರೆವರು.’ ನಾರಾಯಣಪೇಟೆಯ ಸೀರೆಯನ್ನು ಬಲ್ಲವರಿಗೆ ಇದು ಮಗ್ಗದ ಲಾಳಿಯೆಂದು ಹೊಳೆಯದಿರದು. ಮತ್ತೊಂದು: ‘ಇಬ್ಬರು ಬೇರೆ ಬೇರೆ ದಾರಿಯಿಂದ ನಡೆದು ಬಂದರು, ನಮ್ಮಲ್ಲಿ ಕೂಡಿದರು, ಮುಂದೆ ಹೋದವರು ಇಬ್ಬರೂ ಹೌದು, ಉಳಿದ ಹೆಸರು ಒಂದೇ.’ ಕೃಷ್ಣೆಯೂ ಭೀಮೆಯೂ ಕೂಡುವ ಸಂಗಮವನ್ನು ಮಕ್ಕಳಿಗೆ ಒಮ್ಮೆ ತೋರಿಸಿ ಈ ಒಗಟನ್ನು ಕೇಳಿದರೆ, ಉತ್ತರವನ್ನು ನಾವು ಹೇಳಬೇಕಾದುದಿಲ್ಲ. ಹೆಸರು ಅಡಗಿದರೂ ಭೀಮೆಯ ನೀರು ಅಡಗಲಿಲ್ಲ ಎಂಬುದನ್ನೂ ಅವರೇ ಕಂಡುಕೊಳ್ಳುವರು.

ನಮ್ಮ ಸಂಘವು ವರ್ಷವರ್ಷವೂ ಉತ್ಸವವನ್ನು ನಡೆಸಿ, ವಿದ್ವಾಂಸರನ್ನು ಕರೆಸಿ, ಭಾಷಣಗಳನ್ನು ಏರ್ಪಡಿಸುತ್ತ ಬಂದಿದೆ. ಅದರೊಡನೆ ಬರುವ ದಸರೆಯಲ್ಲಿ ಪ್ರತಿ ಸದಸ್ಯರ ಮನೆಯಲ್ಲಿಯೂ ಒಂದು ಸಂಜೆ ಒಗಟಿನ ಗೋಷ್ಠಿ ನಡೆಯಲಿ. ಅಂದು ಕೇಳಿಬಂದ ಒಗಟುಗಳನ್ನೂ, ಹೇಳಿದ ಹಿರಿಯರ ಊರನ್ನೂ, ಉತ್ತರವಾಗಿ ಬಂದ ವಸ್ತುವಿನ ಬಳಕೆಯನ್ನೂ ಬಲ್ಲವರೊಬ್ಬರು ಬರೆದಿಟ್ಟು ಸಂಘಕ್ಕೆ ಒಪ್ಪಿಸಲಿ. ಮುಂದಿನ ಸಂಚಿಕೆಗೆ ಅದಕ್ಕಿಂತ ಬೆಲೆಯುಳ್ಳ ಲೇಖನ ದೊರೆಯದು. ಹೇಳುವ ಹಿರಿಯರು ಇನ್ನೂ ನಮ್ಮ ನಡುವೆ ಇದ್ದಾರೆ, ಕೇಳುವ ಮಕ್ಕಳೂ ಇದ್ದಾರೆ. ಇಬ್ಬರನ್ನೂ ಒಂದೇ ಜಮಖಾನೆಯ ಮೇಲೆ ಕೂಡಿಸುವ ಕೆಲಸ ಮಾತ್ರ ನಡುವಯಸ್ಸಿನವರಾದ ನಮ್ಮದು. ಅದಕ್ಕೆ ಸರಕಾರದ ಆಜ್ಞೆ ಬೇಡ, ಚಂದಾ ಬೇಡ; ಊಟವಾದ ಮೇಲೆ ಒಂದು ಗಳಿಗೆ ಬಿಡುವು ಸಾಕು.