ಆಳಗಡಲಿನಲ್ಲಿ ಪಡೆದ ವಾಯಿದೆ

ಗ್ಯಾಸ್ ಕೊಳವೆಗಳಲ್ಲಿ ಕಟ್ಟಿಕೊಳ್ಳುತ್ತಿದ್ದ ಬಿಳಿ ಗಡ್ಡೆ ಬರೀ ಮಂಜುಗಡ್ಡೆಯಲ್ಲ ಎಂದು ಅಮೆರಿಕದ ಹ್ಯಾಮರ್‌ಷ್ಮಿಟ್ 1934ರಲ್ಲಿ ತೋರಿಸಿಕೊಟ್ಟರು. ನೀರಿನ ಅಣುಗಳು ಪಂಜರ ಕಟ್ಟಿ ಮೀಥೇನನ್ನು ಒಳಗೆ ಹಿಡಿದಿಟ್ಟಾಗ ಹುಟ್ಟುವ ಹೈಡ್ರೇಟ್ ಅದು. ಒತ್ತಡ ಹೆಚ್ಚಿದ್ದರೆ ಸೊನ್ನೆ ಡಿಗ್ರಿಗಿಂತ ಬೆಚ್ಚಗಿರುವಲ್ಲೂ ಗಟ್ಟಿಯಾಗುತ್ತದೆ. ಸುಮಾರು 4 ಡಿಗ್ರಿ ಸೆಲ್ಸಿಯಸ್‌ನ ಆಳಗಡಲ ತಳ ಅದಕ್ಕೆ ಹೇಳಿ ಮಾಡಿಸಿದ ಜಾಗ. ಎಣ್ಣೆ, ಗ್ಯಾಸಿಗಾಗಿ ಬಾವಿ ಕೊರೆಯುವವರಿಗೆ ಇದಕ್ಕಿಂತ ಹಳೆಯ ತೊಡಕು ನೀರು ಕುಡಿದು ಉಬ್ಬುವ ಜೇಡಿ. ನಮ್ಮ ಉತ್ತರ ಕರ್ನಾಟಕದ ಎರೆನೆಲ ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವುದು ಯಾವ ಜಾತಿಯ ಖನಿಜದಿಂದಲೋ, ಅದೇ ಜಾತಿಯದು ಕಡಲಡಿಯ ಶೇಲ್ ಎಂಬ ಜೇಡಿಗಲ್ಲಿನ ಪದರಗಳಲ್ಲೂ ಇದೆ. ಅದು ಉಬ್ಬಿದರೆ ಬಾವಿಯ ಗೋಡೆ ಕುಸಿಯುತ್ತದೆ, ಕೊರೆಯುವ ಪೈಪು ಸಿಕ್ಕಿಬೀಳುತ್ತದೆ. ಈ ಎರಡೂ ತೊಡಕುಗಳನ್ನು ಎದುರಿಸಿದ ಚರಿತ್ರೆ ಒಂದೇ ದಿಕ್ಕಿಗೆ ನಡೆದಿದೆ: ಪೂರ್ತಿ ತಡೆಯುವ ಹಟದಿಂದ, ಕೆಲಸಕ್ಕೆ ಬೇಕಾದಷ್ಟು ವಾಯಿದೆ ಪಡೆಯುವ ವಿವೇಕದ ಕಡೆಗೆ.

ಮೊದಲ ಉಪಾಯಗಳೆಲ್ಲ ಪ್ರಮಾಣವನ್ನೇ ನಂಬಿದ್ದವು. ಹೈಡ್ರೇಟ್ ಆಗದಂತೆ ನೀರಿನ ತೂಕದ ಶೇ. 20ರಿಂದ 50ರಷ್ಟು ಮೆಥನಾಲ್ ಸುರಿಯಬೇಕಾಗುತ್ತಿತ್ತು. ಕೊರೆಯುವಾಗ ಬಾವಿಯಲ್ಲಿ ತಿರುಗಿಸುವ ಕೆಸರಿನಂಥ ದ್ರವವಾದ ಮಡ್‌ಗೆ ಹೇರಳವಾಗಿ ಉಪ್ಪು ಬೆರೆಸುತ್ತಿದ್ದರು. ಜೇಡಿಗೆ ನೀರೇ ತಾಗದಿರಲೆಂದು ಡೀಸೆಲ್‌ನಲ್ಲಿ ಮಡ್ ಕಲಸುತ್ತಿದ್ದರು. ಬೇರೆ ಹಾದಿ ತೆರೆದದ್ದು 1970ರ ದಶಕದಲ್ಲಿ, ಪೊಟ್ಯಾಸಿಯಂ ಕ್ಲೋರೈಡ್ ಜೊತೆ ಪಾಲಿಅಕ್ರಿಲಮೈಡ್ ಬೆರೆಸಿದ ಮಡ್ ಬಂದಾಗ. ಪೊಟ್ಯಾಸಿಯಂ ಜೇಡಿಯ ಪದರಗಳ ನಡುವೆ ಕೂತು ಅವನ್ನು ಬಿಗಿಹಿಡಿದರೆ, ಪಾಲಿಮರ್‌ನ ಉದ್ದನೆಯ ಸರಪಳಿ ಹೊರಮೈಗೆ ಅಂಟಿಕೊಂಡು ನೀರಿನ ನುಗ್ಗಾಟವನ್ನು ನಿಧಾನಿಸುತ್ತದೆ. 1990ರ ದಶಕದಲ್ಲಿ ಇದೇ ತರ್ಕ ಹೈಡ್ರೇಟಿಗೂ ಒದಗಿತು. ಪಾಲಿವಿನೈಲ್‌ಪಿರೊಲಿಡೋನ್, ಪಾಲಿವಿನೈಲ್‌ಕ್ಯಾಪ್ರೊಲ್ಯಾಕ್ಟಮ್ ಎಂಬ ಪಾಲಿಮರ್‌ಗಳು ಶೇ. 1ರ ಆಸುಪಾಸಿನಲ್ಲಿದ್ದರೂ ಸಾಕು, ಹರಳು ಮೂಡುವುದನ್ನೂ ಬೆಳೆಯುವುದನ್ನೂ ತಡಮಾಡುತ್ತವೆ.

ತಡಮಾಡುವುದು ತಡೆದಂತಾಗುತ್ತದೆಯೇ ಎಂಬ ಆಕ್ಷೇಪ ಹುರುಳಿಲ್ಲದ್ದಲ್ಲ. ಚಳಿ ಮಿತಿಮೀರಿದರೆ, ಹರಿವು ದಿನಗಟ್ಟಲೆ ನಿಂತರೆ ಈ ಪಾಲಿಮರ್‌ಗಳು ಸೋಲುತ್ತವೆ. ಆಗ ಇಂದಿಗೂ ಹೆಚ್ಚಾಗಿ ಮೆಥನಾಲಿನಂಥ ಹಳೆಯ ಉಪಾಯಗಳೇ ಗತಿ. 2010ರ ಮೇ ತಿಂಗಳಲ್ಲಿ ಮೆಕ್ಸಿಕೋ ಕೊಲ್ಲಿಯ ಮಕೊಂಡೊ ಬಾವಿಯ ಸೋರಿಕೆ ಹಿಡಿಯಲು ಸುಮಾರು 1,500 ಮೀಟರ್ ಆಳಕ್ಕೆ ಇಳಿಸಿದ ಉಕ್ಕಿನ ಗುಮ್ಮಟ ಹೈಡ್ರೇಟ್ ತುಂಬಿ ಕೆಲಸಕ್ಕೆ ಬಾರದಾಯಿತು. ತಣ್ಣೀರೂ ಗ್ಯಾಸೂ ಬೇಕಾದಷ್ಟು ಹೊತ್ತು ಒಟ್ಟಿಗಿದ್ದರೆ ಏನಾಗುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಆದರೆ ಈ ಉದಾಹರಣೆ ನನ್ನ ವಾದವನ್ನು ಕೆಡಿಸುವುದಿಲ್ಲ, ಗಟ್ಟಿಮಾಡುತ್ತದೆ. ಜೇಡಿಯ ಪದರ ಬಾವಿಗೆ ಕೇಸಿಂಗ್ ಎಂಬ ಉಕ್ಕಿನ ಕೊಳವೆ ಇಳಿಸುವವರೆಗೆ ನಿಂತರೆ ಸಾಕು. ಗ್ಯಾಸ್ ತಣ್ಣನೆಯ ಕೊಳವೆಯನ್ನು ದಾಟುವವರೆಗೆ ಹರಳಾಗದಿದ್ದರೆ ಸಾಕು. ಕೆಲಸಕ್ಕೇ ಒಂದು ಅವಧಿಯಿರುವಾಗ ರಕ್ಷಣೆ ಶಾಶ್ವತವಾಗಿರಬೇಕೆಂದು ಕೇಳುವುದು ದುಂದು.

ಎಣ್ಣೆಯ ಮಡ್ ಇನ್ನೂ ಚೆನ್ನಾಗಿ ಕೆಲಸ ಮಾಡುತ್ತದಲ್ಲ ಎನ್ನುವವರೂ ಇದ್ದಾರೆ. ನಿಜ, ಜೇಡಿಯ ಮಟ್ಟಿಗೆ ಅದಕ್ಕೆ ಸಾಟಿ ಕಡಿಮೆ. ಆದರೆ ಉತ್ತರ ಸಮುದ್ರದ ತಳದಲ್ಲಿ ಎಣ್ಣೆ ಮೆತ್ತಿದ ಕಲ್ಲುಪುಡಿಯ ರಾಶಿಗಳು ಬಿದ್ದದ್ದು ಆ ಸಾಮರ್ಥ್ಯಕ್ಕೆ ತೆತ್ತ ಬೆಲೆ. ಅಲ್ಲಿನ ದೇಶಗಳು ಅಂಥ ಕಲ್ಲುಪುಡಿಯನ್ನು ಕಡಲಿಗೆ ಸುರಿಯುವುದಕ್ಕೆ ಬಿಗಿಯಾದ ಮಿತಿ ಹಾಕಿದವು. ಇದೇ ಅಳತೆಗೋಲಿಗೆ ಪಾಲಿಮರ್‌ಗಳೂ ತಲೆಬಾಗಬೇಕು. ಹೈಡ್ರೇಟ್ ತಡೆಯುವ ಹಲವು ಪಾಲಿಮರ್‌ಗಳು ನೀರಿನಲ್ಲಿ ಬೇಗ ಕೊಳೆಯುವುದಿಲ್ಲ. ಕಡಲಿನಿಂದ ವಾಯಿದೆ ಪಡೆದವರು ಆ ವಾಯಿದೆ ಮುಗಿದ ಮೇಲೆ ತಮ್ಮ ರಸಾಯನವನ್ನು ಅಲ್ಲೇ ಬಿಟ್ಟುಬರುವುದು ನ್ಯಾಯವಲ್ಲ. ಕೆಲಸವಿರುವವರೆಗೆ ಗಟ್ಟಿಯಾಗಿ ನಿಂತು, ಆಮೇಲೆ ಕರಗಿ ಕೊಳೆಯುವ ಪಾಲಿಮರ್ ಬಂದಾಗಲೇ ಈ ವಿವೇಕ ಪೂರ್ತಿಯಾಗುತ್ತದೆ.