ತಂತಿಯ ಬಂಡಾಯ

ತರುಣನೊಬ್ಬನ ಹೆಗಲಿನಲ್ಲಿ ಗಿಟಾರು ಕಂಡೊಡನೆ ‘ಸಂಗೀತ ಕೆಟ್ಟಿತು’ ಎಂದು ನಿಟ್ಟುಸಿರಿಡುವ ಹಿರಿಯರು ನಮ್ಮಲ್ಲಿ ಇಂದಿಗೂ ಇದ್ದಾರೆ. ‘ಪಂಕ್ ರಾಕ್’ ಎಂಬ ಹೆಸರು ಕಿವಿಗೆ ಬಿದ್ದರಂತೂ ಮಾತೇ ಬೇಡ. ಆದರೆ ನಾವು ಸಂಪ್ರದಾಯವೆಂದು ಕಾಪಾಡಿಕೊಂಡು ಬಂದಿರುವುದೂ ಒಂದು ಕಾಲಕ್ಕೆ ಯಾರೋ ಒಬ್ಬನ ಅತೃಪ್ತಿಯ ಫಲವೇ ಅಲ್ಲವೇ? ಇಬ್ಬರು ತಂತಿವಾದಕರ ಜೀವನವನ್ನು ನೋಡಿದರೆ ಈ ಮಾತು ಸ್ಪಷ್ಟವಾದೀತು.

ಮೊದಲನೆಯವನು ಅಮೆರಿಕದ ಜಾನಿ ರಮೋನ್. 1948ರಲ್ಲಿ ಹುಟ್ಟಿದ ಇವನ ನಿಜನಾಮ ಜಾನ್ ಕಮಿಂಗ್ಸ್. ಕಟ್ಟಡದ ಕೆಲಸ ಮಾಡಿಕೊಂಡಿದ್ದ ಈತ 1974ರಲ್ಲಿ ನ್ಯೂಯಾರ್ಕಿನಲ್ಲಿ ಗೆಳೆಯರೊಡನೆ ‘ರಮೋನ್ಸ್’ ಮೇಳವನ್ನು ಕಟ್ಟಿದ. ದೀರ್ಘವಾದ ಏಕವಾದನದಲ್ಲಿ ಬೆರಳಿನ ಚಮತ್ಕಾರ ತೋರುವುದೇ ರಾಕ್ ವಾದಕನ ಹಿರಿಮೆ ಎಂದಿದ್ದ ಕಾಲವದು. ಜಾನಿ ಅದನ್ನೆಲ್ಲ ಕಿತ್ತೊಗೆದ. ಕೆಲವೇ ಸ್ವರಮೇಳಗಳು, ಮೇಲಿನಿಂದ ಕೆಳಕ್ಕೆ ಮಾತ್ರ ಬೀಳುವ ಬಲಗೈಯ ಬಿರುಸಾದ ಮೀಟು. ಇಷ್ಟೇ ಅವನ ಬಂಡವಾಳ. 1976ರ ಮೊದಲ ಮುದ್ರಿಕೆಯಲ್ಲಿ ಹದಿನಾಲ್ಕು ಹಾಡುಗಳು ಅರ್ಧ ತಾಸಿನೊಳಗೇ ಮುಗಿದುಹೋಗುತ್ತವೆ. ಅದು ಹೆಚ್ಚು ಮಾರಾಟವಾಗಲಿಲ್ಲ. ಆದರೂ 1996ರಲ್ಲಿ ಮೇಳ ಮುಗಿಯುವ ಹೊತ್ತಿಗೆ 2,263 ಕಚೇರಿಗಳಾಗಿದ್ದವು. 2004ರಲ್ಲಿ ಜಾನಿ ತೀರಿಕೊಂಡ. ‘ನಾನೂ ನುಡಿಸಬಲ್ಲೆ’ ಎಂಬ ಧೈರ್ಯವನ್ನು ಬಡ ಹುಡುಗರಿಗೆ ಕೊಟ್ಟದ್ದು ಅವನ ಸಾಧನೆ.

ಎರಡನೆಯವರನ್ನು ಕಾಣಲು ನಾವು ಸಮುದ್ರ ದಾಟಬೇಕಾಗಿಲ್ಲ. 1997ರಲ್ಲಿ ಗದಗ ಜಿಲ್ಲೆ ಬೇರೆಯಾಗುವವರೆಗೆ, ತುಂಗಭದ್ರೆಯ ದಂಡೆಯ ಸಿಂಗಟಾಲೂರಿನವರೆಗೂ ಧಾರವಾಡ ಜಿಲ್ಲೆಯೇ ಹಬ್ಬಿತ್ತು. ಆ ಧಾರವಾಡದಲ್ಲಿ ನೆಲೆಸಿದವರು ಸಿತಾರರತ್ನ ರಹಿಮತ್‌ಖಾನರು. ಭಾವನಗರದ ಸಂಗೀತಗಾರರ ಮನೆತನದ ಇವರು ಪ್ರಸಿದ್ಧ ಬೀನಕಾರ ಬಂದೇ ಅಲಿಖಾನರಲ್ಲಿ ಕಲಿತರು. ಬೀನಿನ ಜೀವಾಳವೆಂದರೆ ಮಂದ್ರದಲ್ಲಿ ನಿಧಾನವಾಗಿ ಬಿಚ್ಚಿಕೊಳ್ಳುವ ಆಲಾಪ. ಸಿತಾರಿಗೆ ಆ ಆಳವಿರಲಿಲ್ಲ. ಗತ್ತಿನ ಚುರುಕಿಗೆ ಅದು ಹೆಸರಾಗಿತ್ತು. ಗುರುವಿನ ಬೀನಿನಲ್ಲಿ ಕೇಳಿದ್ದು ತಮ್ಮ ವಾದ್ಯದಲ್ಲಿ ಏಕೆ ನುಡಿಯಬಾರದು? ಖಾನರು ಸಿತಾರಿಗೆ ಖರ್ಜದ ತಂತಿಗಳನ್ನು ಕಟ್ಟಿ, ಅದರ ವ್ಯಾಪ್ತಿಯನ್ನು ಅತಿಮಂದ್ರದವರೆಗೆ ಇಳಿಸಿದರೆಂಬ ಕೀರ್ತಿ ಅವರಿಗೆ ಸಲ್ಲುತ್ತದೆ. 1954ರಲ್ಲಿ ಅವರು ಕಾಲವಾದರು. ಅವರು ಹಚ್ಚಿದ ದೀಪ ಮೊಮ್ಮಗ ಉಸ್ತಾದ್ ಬಾಲೇಖಾನರ (1942–2007) ಕೈಯಲ್ಲಿ ಬೆಳಗಿತು.

ಒಬ್ಬನು ಕಳೆದ, ಇನ್ನೊಬ್ಬರು ಕೂಡಿಸಿದರು. ಒಬ್ಬನಿಗೆ ಗುರುವಿಲ್ಲ, ಇನ್ನೊಬ್ಬರು ಗುರುವಿನ ನಾದವನ್ನೇ ಹೊತ್ತು ತಂದವರು. ಈ ಅಂತರ ಸಣ್ಣದಲ್ಲ; ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸಲ್ಲದು. ಆದರೆ ಕೈಗೆ ಬಂದ ವಾದ್ಯವನ್ನು ಬಂದಂತೆಯೇ ಒಪ್ಪಿಕೊಳ್ಳದಿರುವ ಛಲ ಇಬ್ಬರಲ್ಲಿಯೂ ಒಂದೇ.

ಧಾರವಾಡವೆಂದರೆ ನಮಗೆ ಗಾಯಕರ ನೆನಪು ಮೊದಲು ಬರುತ್ತದೆ. ಮನ್ಸೂರರನ್ನೂ ರಾಜಗುರುಗಳನ್ನೂ ಕೊಂಡಾಡುವ ನಾಲಿಗೆ ರಹಿಮತ್‌ಖಾನರ ಹೆಸರಿಗೆ ತಡವರಿಸುತ್ತದೆ. ಕಂಠ ನೆನಪಿನಲ್ಲಿ ಉಳಿಯುತ್ತದೆ. ತಂತಿ ಕಟ್ಟಿದ ಕೈ ಮರೆತುಹೋಗುತ್ತದೆ. ಇಂದು ಸಿತಾರಿನ ಮಂದ್ರವನ್ನು ಕೇಳಿ ತಲೆದೂಗುವಾಗ ಆ ಕೈಯನ್ನು ನೆನೆಯೋಣ. ಪಕ್ಕದ ಮನೆಯ ಹುಡುಗ ಗಿಟಾರು ಬಾರಿಸಿದಾಗ ಕದ ಮುಚ್ಚುವ ಮುನ್ನವೂ ಒಂದು ಕ್ಷಣ ನೆನೆಯೋಣ.